ಮೈದಾನದಿಂದ ಬಾನುಲಿಗೆ: ಚಾರ್ಲಿ ಬಕನ್

ಇಂಗ್ಲೆಂಡಿನಲ್ಲಿ ಕಾಲ್ಚೆಂಡಿನ ಲೀಗ್ ಪಂದ್ಯವೊಂದರ ವರ್ಣನೆಯು ಬಾನುಲಿಯ ಮೂಲಕ ಮೊಟ್ಟಮೊದಲು ಮನೆಮನೆಗಳಲ್ಲಿ ಕೇಳಿಬಂದುದು 1927ರ ಜನವರಿ 22ರ ಶನಿವಾರದಂದು. ಲಂಡನ್ನಿನ ಹೈಬರಿ ಮೈದಾನದಲ್ಲಿ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ತಂಡಗಳು ಎದುರಾಗಿದ್ದವು. ಕೇಳುವವರಿಗೆ ಮೈದಾನವು ಕಾಣದಷ್ಟೆ, ಆದುದರಿಂದ ಬಿ.ಬಿ.ಸಿ.ಯವರು ತಮ್ಮ ‘ರೇಡಿಯೋ ಟೈಮ್ಸ್’ ಪತ್ರಿಕೆಯಲ್ಲಿ ಮೈದಾನದ ನಕ್ಷೆಯೊಂದನ್ನು ಎಂಟು ಚೌಕಗಳಾಗಿ ವಿಂಗಡಿಸಿ ಅಚ್ಚು ಹಾಕಿಸಿದ್ದರು. ವೇಕಲಮ್ ಎಂಬ ವಿವರಣಕಾರನು ಆಟವನ್ನು ಬಣ್ಣಿಸುತ್ತಿದ್ದಂತೆ, ಚೆಂಡು ಯಾವ ಚೌಕದಲ್ಲಿದೆಯೆಂಬುದನ್ನು ಪಕ್ಕದಲ್ಲಿ ಕುಳಿತ ಇನ್ನೊಬ್ಬನು ಸಂಖ್ಯೆಯಿಂದ ಸಾರುತ್ತಿದ್ದನು. ಒಂದು ಕಾಲದಲ್ಲಿ ಹೋಟೆಲಿನ ರೇಡಿಯೋ ಪೆಟ್ಟಿಗೆಗೆ ಕಿವಿಗೊಟ್ಟು, ಕಾಣದ ಮೈದಾನವನ್ನು ಕಣ್ಣಮುಂದೆ ಕಟ್ಟಿಕೊಂಡ ನಮ್ಮವರಿಗೆ ಈ ಪರಿಯ ಸುಖವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂದ್ಯವು 1-1ರಲ್ಲಿ ಸಮವಾಯಿತು. ಅಂದು ಬಾನುಲಿಯ ಶ್ರೋತೃಗಳಿಗೆ ಕೇಳಿಸಿದ ಮೊದಲ ಗೋಲನ್ನು ಹೊಡೆದವನು ಆರ್ಸೆನಲ್ಲಿನ ನಾಯಕ ಚಾರ್ಲಿ ಬಕನ್. ಮುಂದೆ ಕೆಲವೇ ವರ್ಷಗಳಲ್ಲಿ ಆತನೇ ಬಾನುಲಿಯಲ್ಲಿ ಆಟದ ವಾರ್ತೆಯನ್ನು ಹೇಳುವವನಾದನು.

ಬಕನ್ ಹುಟ್ಟಿದುದು 1891ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಪ್ಲಮ್‌ಸ್ಟೆಡ್‌ನಲ್ಲಿ. ತಂದೆತಾಯಿಗಳು ಸ್ಕಾಟ್ಲೆಂಡಿನ ಅಬರ್ಡೀನಿನವರು; ಊರು ಬಿಟ್ಟು ರಾಜಧಾನಿಗೆ ಬಂದು ನೆಲೆಸಿದವರು. ಸಮೀಪದ ವುಲಿಚ್‌ನಲ್ಲಿ ಸರಕಾರದ ದೊಡ್ಡ ಮದ್ದುಗುಂಡಿನ ಕಾರ್ಖಾನೆಯಿತ್ತು. ಅಲ್ಲಿಯ ಕೆಲಸಗಾರರು ಕಟ್ಟಿದ ತಂಡವೇ ವುಲಿಚ್ ಆರ್ಸೆನಲ್. ಉಪಾಧ್ಯಾಯನಾಗಬೇಕೆಂದು ಓದುತ್ತಿದ್ದ ಬಕನ್ 1909ರ ಕೊನೆಯಲ್ಲಿ ಸಂಬಳವಿಲ್ಲದ ಹವ್ಯಾಸಿಯಾಗಿ ಆ ತಂಡವನ್ನು ಸೇರಿದನು. ಹೋಗಿಬರುವ ಖರ್ಚೆಂದು 11 ಶಿಲಿಂಗುಗಳ ಲೆಕ್ಕವನ್ನು ಒಪ್ಪಿಸಿದಾಗ, ಅದು ಹೆಚ್ಚಾಯಿತೆಂದು ವ್ಯವಸ್ಥಾಪಕನು ಕೊಡಲೊಪ್ಪಲಿಲ್ಲ. ಹುಡುಗನು ಆರ್ಸೆನಲ್ಲನ್ನು ಬಿಟ್ಟು ನಡೆದನು. ಗಲ್ಲಾದ ಮುಂದೆ ನಿಂತು ನ್ಯಾಯವಾದ ಖರ್ಚನ್ನು ಕೇಳಿ ಇಲ್ಲವೆನ್ನಿಸಿಕೊಂಡವರಿಗೆ ಆ ಸಿಟ್ಟು ಅರ್ಥವಾದೀತು. ಉಳಿಸಿದ ಆ 11 ಶಿಲಿಂಗಿಗೆ ಆರ್ಸೆನಲ್ ತೆತ್ತ ಬೆಲೆ ಎಷ್ಟೆಂಬುದನ್ನು ಮುಂದೆ ನೋಡುವೆವು.

ನಾರ್ತ್‌ಫ್ಲೀಟ್, ಲೇಟನ್ ಎಂಬ ಸಣ್ಣ ತಂಡಗಳಲ್ಲಿ ಆಡಿ, 1911ರ ಮಾರ್ಚಿಯಲ್ಲಿ ಆತನು ಸುಮಾರು 1,200 ಪೌಂಡುಗಳಿಗೆ ಉತ್ತರದ ಸಂಡರ್‌ಲ್ಯಾಂಡ್ ತಂಡಕ್ಕೆ ಮಾರಾಟವಾದನು. ಮಾರಾಟವೆಂದೇ ಹೇಳಬೇಕು, ಒಂದು ಕ್ಲಬ್ಬು ಇನ್ನೊಂದಕ್ಕೆ ಕೊಡುವ ಹಣದ ಗಾತ್ರವೇನೇ ಇರಲಿ, ಆಟಗಾರನ ವಾರದ ಸಂಬಳಕ್ಕೆ ನಿಯಮದ ಮಿತಿಯಿತ್ತು. 1922ರಿಂದ ಅದು ಆಟದ ಋತುವಿನಲ್ಲಿ ವಾರಕ್ಕೆ 8 ಪೌಂಡು.

ಆರಡಿ ಎತ್ತರದ ಈ ಯುವಕನ ಬಲವೆಲ್ಲ ತಲೆಯಲ್ಲಿತ್ತು. ಎತ್ತರದಿಂದ ಬಂದ ಚೆಂಡನ್ನು ತಲೆಯಿಂದ ಬೇಕಾದಲ್ಲಿಗೆ ಕಳಿಸುವುದೊಂದು. ಚೆಂಡು ಬರುವ ಮೊದಲೇ ಮುಂದಿನ ಎರಡು ನಡೆಗಳನ್ನು ಎಣಿಸಿಡುವುದು ಇನ್ನೊಂದು. ಬಲಗಡೆಯಲ್ಲಿ ಕಗ್ಗಿ ಮತ್ತು ಮಾರ್ಡ್ಯೂ ಎಂಬವರೊಡನೆ ಆತನು ಕಟ್ಟಿದ ತ್ರಿಕೋನವು ಎದುರಾಳಿಗಳ ಪಾಲಿಗೆ ಒಗಟಾಯಿತು. 1912-13ರಲ್ಲಿ ಸಂಡರ್‌ಲ್ಯಾಂಡ್ ಲೀಗಿನ ಪ್ರಥಮ ಸ್ಥಾನವನ್ನು ಗೆದ್ದಿತು. ಅದೇ ವರ್ಷದ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಆಸ್ಟನ್ ವಿಲ್ಲಾಕ್ಕೆ 1-0ರಿಂದ ಸೋತಿತು. ಆ ತಂಡಕ್ಕಾಗಿ ಬಕನ್ ಲೀಗ್ ಪಂದ್ಯಗಳಲ್ಲಿ ಹೊಡೆದ ಗೋಲುಗಳು 209.

ಇಷ್ಟಾದರೂ ಇಂಗ್ಲೆಂಡಿನ ಪರವಾಗಿ ಆಡುವ ಅವಕಾಶವು ಹನ್ನೊಂದು ವರ್ಷಗಳಲ್ಲಿ ಆತನಿಗೆ ದೊರೆತುದು ಆರೇ ಬಾರಿ. ಆತನ ಬುದ್ಧಿಯು ಜೊತೆಗಾರರಿಗೆ ಎಟುಕದಷ್ಟು ಮುಂದಿದೆಯೆಂಬುದೇ ಆಯ್ಕೆಗಾರರ ಆಕ್ಷೇಪವಾಗಿತ್ತೆಂಬ ಮಾತು ಆ ಕಾಲದಲ್ಲಿ ಬಹಳವಾಗಿ ಹರಡಿತ್ತು. ಮಾತು ದಿಟವಿದ್ದರೆ, ಗುಣವನ್ನೇ ದೋಷವೆಂದು ಎಣಿಸಿದ ಇಂಥ ನಿದರ್ಶನ ಆಟದ ಚರಿತ್ರೆಯಲ್ಲಿ ವಿರಳವೆಂದು ನಮಗೆ ತೋರುತ್ತದೆ.

ನಡುವೆ ಮಹಾಯುದ್ಧವು ನಾಲ್ಕು ಋತುಗಳನ್ನು ನುಂಗಿತು. ಗ್ರೆನೆಡಿಯರ್ ಗಾರ್ಡ್ಸ್ ದಳದಲ್ಲಿ ಸೈನಿಕನಾಗಿ ಫ್ರಾನ್ಸಿನ ಕಂದಕಗಳನ್ನು ಕಂಡು, 1918ರಲ್ಲಿ ಅಧಿಕಾರಿಯ ಪದವಿ ಪಡೆದು ಹಿಂದಿರುಗಿದನು. ಬಳಿಕ ಸಂಡರ್‌ಲ್ಯಾಂಡಿನಲ್ಲಿ ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದನು. ಆಟದ ಸಾಮಾನಿನ ಅಂಗಡಿಯನ್ನಿಟ್ಟನು. ಕಾಲಿನ ದುಡಿಮೆ ಎಷ್ಟು ದಿನವೆಂಬ ಲೆಕ್ಕವು ಆತನಿಗೆ ಆಗಲೇ ತಿಳಿದಿತ್ತು.

1925ರಲ್ಲಿ ಆರ್ಸೆನಲ್ಲಿಗೆ ಹೊಸ ವ್ಯವಸ್ಥಾಪಕನಾಗಿ ಬಂದ ಹರ್ಬರ್ಟ್ ಚಾಪ್ಮನ್, ಮೂವತ್ತನಾಲ್ಕರ ಹೊಸ್ತಿಲಲ್ಲಿದ್ದ ಬಕನ್ನನನ್ನೇ ಬೇಕೆಂದು ಕೇಳಿದನು. ಸಂಡರ್‌ಲ್ಯಾಂಡಿನವರು 4,000 ಪೌಂಡು ಹೇಳಿದರು. ಈ ವಯಸ್ಸಿನವನಿಗೆ ಅಷ್ಟೇಕೆಂದು ಚೌಕಾಸಿ ನಡೆದು, ಕೂಡಲೇ 2,000, ಮತ್ತು ಮೊದಲ ಋತುವಿನಲ್ಲಿ ಹೊಡೆಯುವ ಪ್ರತಿಯೊಂದು ಗೋಲಿಗೆ 100 ಪೌಂಡು ಎಂದು ಕರಾರಾಯಿತು. ಬಕನ್ ಹೊಡೆದುದು 21 ಗೋಲು. ಆರ್ಸೆನಲ್ ತೆತ್ತುದು 4,100 ಪೌಂಡು. ಚೌಕಾಸಿ ಮಾಡಿದವರಿಗೆ ನೂರು ಪೌಂಡು ನಷ್ಟ! ಅಷ್ಟೂ ಹೋದುದು ಸಂಡರ್‌ಲ್ಯಾಂಡಿನ ಪೆಟ್ಟಿಗೆಗೆ. ಗೋಲು ಹೊಡೆದವನಿಗೆ ನಿಯಮದ ಸಂಬಳವೇ ಗತಿ. ಆರ್ಸೆನಲ್ಲಿನ ಅಧ್ಯಕ್ಷ ನಾರಿಸ್ ಆತನಿಗೆ ಗುಟ್ಟಾಗಿ ಹಣ ಕೊಟ್ಟನೆಂಬ ಆಪಾದನೆಯು 1927ರಲ್ಲಿ ಪತ್ರಿಕೆಯಲ್ಲಿ ಬಂದಿತು. ಕ್ಲಬ್ಬಿನ ಹಣದ ದುರುಪಯೋಗವು ವಿಚಾರಣೆಯಲ್ಲಿ ಹೊರಬಿದ್ದು, ನಾರಿಸ್‌ಗೆ ಕಾಲ್ಚೆಂಡಿನ ಆಡಳಿತದಿಂದಲೇ ಬಹಿಷ್ಕಾರವಾಯಿತು.

ಬಕನ್ ಆರ್ಸೆನಲ್ಲಿಗೆ ಬಂದ ವರ್ಷವೇ ಆಟದ ಒಂದು ದೊಡ್ಡ ನಿಯಮವೂ ಬದಲಾಗಿತ್ತು. ಅದುವರೆಗೆ, ಚೆಂಡನ್ನು ಮುಂದಕ್ಕೆ ಕೊಡುವಾಗ ಅದನ್ನು ಪಡೆಯುವವನಿಗೂ ಎದುರಾಳಿಯ ಗೋಲಿನ ಗೆರೆಗೂ ನಡುವೆ ಮೂವರು ಎದುರಾಳಿಗಳಿರಬೇಕಿತ್ತು, ಇಲ್ಲವಾದರೆ ಆಫ್‌ಸೈಡ್. 1925ರಿಂದ ಇಬ್ಬರಿದ್ದರೆ ಸಾಕೆಂದಾಯಿತು. ಲೀಗಿನ ಒಟ್ಟು ಗೋಲುಗಳು ಒಂದೇ ವರ್ಷದಲ್ಲಿ 4,700ರಿಂದ 6,373ಕ್ಕೆ ಏರಿದುವು. ನಡುವಿನ ‘ಸೆಂಟರ್ ಹಾಫ್’ ಮುಂದೆ ಅಲೆಯುವುದನ್ನು ಬಿಟ್ಟು, ಹಿಂದಿನ ಇಬ್ಬರು ರಕ್ಷಕರ ನಡುವೆ ಮೂರನೆಯವನಾಗಿ ನಿಲ್ಲಬೇಕೆಂದು ಬಕನ್ ಋತುವಿನ ಆರಂಭದಿಂದಲೂ ಹೇಳುತ್ತಿದ್ದನು. ಯಾರೂ ಕಿವಿಗೊಡಲಿಲ್ಲ. ಅಕ್ಟೋಬರ್ 3ರಂದು ನ್ಯೂಕ್ಯಾಸಲ್‌ನಲ್ಲಿ ಆರ್ಸೆನಲ್ 7-0ರಿಂದ ಮಣ್ಣುಮುಕ್ಕಿತು. ಆಗ ಚಾಪ್ಮನ್ ಆಟಗಾರರನ್ನು ಕೂಡಿಸಿ, ಬಕನ್ನನ ಮಾತನ್ನು ಕೇಳಿ, ಒಪ್ಪಿಕೊಂಡನು. ನಡುವಿನವನು ಹಿಂದೆ ಸರಿದರೆ ಮುಂದಿನವರಿಗೆ ಚೆಂಡು ಒದಗಿಸುವವರಾರು? ಆ ಕೆಲಸವನ್ನು ತಾನೇ ಮಾಡುವೆನೆಂದು ಬಕನ್ ಬಯಸಿದನು. ಆತನ ಗೋಲುಗಳು ಬೇಕೆಂದು ಚಾಪ್ಮನ್ ಬಿಡಲಿಲ್ಲ. ಕೆಳಗಿನ ತಂಡದಲ್ಲಿದ್ದ ಆಂಡಿ ನೀಲ್ ಎಂಬ ನಿಧಾನದ ಆಟಗಾರನು, ಚೆಂಡನ್ನು ಹತೋಟಿಯಲ್ಲಿಡಬಲ್ಲನೆಂಬ ಕಾರಣದಿಂದ, ಆರಿಸಲ್ಪಟ್ಟನು. ಎರಡೇ ದಿನಗಳಲ್ಲಿ ವೆಸ್ಟ್ ಹ್ಯಾಮ್ ತಂಡವನ್ನು ಆರ್ಸೆನಲ್ 4-0ರಿಂದ ಸೋಲಿಸಿತು! ಇಂಗ್ಲಿಷಿನ ಡಬ್ಲ್ಯು ಮತ್ತು ಎಂ ಅಕ್ಷರಗಳ ಆಕಾರದಲ್ಲಿ ಹತ್ತು ಮಂದಿಯನ್ನು ನಿಲ್ಲಿಸುವ ವ್ಯೂಹವು ಬೆಳೆದುದು ಈ ಬೀಜದಿಂದ; ಮುಂದೆ ಮೂರು ದಶಕಗಳ ಕಾಲ ಪ್ರಪಂಚದ ಎಷ್ಟೋ ತಂಡಗಳು ಹೀಗೆಯೇ ಆಡಿದುವು. ಇದರ ಕೀರ್ತಿಯನ್ನು ಚಾಪ್ಮನ್‌ಗೆ ಮಾತ್ರ ಕಟ್ಟುವವರಿದ್ದಾರೆ, ಅದು ಸರಿಯಲ್ಲ.

1927ರ ಏಪ್ರಿಲ್ 23ರಂದು ವೆಂಬ್ಲಿಯಲ್ಲಿ ನಡೆದ ಕಪ್ಪಿನ ಅಂತಿಮ ಪಂದ್ಯವನ್ನೂ ಬಾನುಲಿಯು ಬಿತ್ತರಿಸಿತು. ಕಾರ್ಡಿಫ್ ತಂಡದ ಹಗುರವಾದ ಹೊಡೆತವೊಂದು ಆರ್ಸೆನಲ್ಲಿನ ಗೋಲಿಯ ತೋಳುಗಳಿಂದ ಜಾರಿ ಒಳಗೆ ಹೋಯಿತು. ಕೊನೆಯಲ್ಲಿ ಸಮ ಮಾಡುವ ಅವಕಾಶವೊಂದು ಬಂದಿತು: ಚೆಂಡು ಪುಟಿದು ಕಾರ್ಡಿಫಿನ ಗೋಲಿಯ ತಲೆಯ ಮೇಲೆ ಹಾರಿತು, ಬಕನ್ ಮತ್ತು ಬ್ರೇನ್ ಇಬ್ಬರೂ ಧಾವಿಸಿದರು, ಅವನು ಹೊಡೆಯಲೆಂದು ಇವನೂ, ಇವನು ಹೊಡೆಯಲೆಂದು ಅವನೂ ನಿಂತುಬಿಟ್ಟರು. ಕಪ್ಪು ಬಕನ್ನನ ಕೈಗೆ ಕೊನೆಗೂ ಸೇರಲಿಲ್ಲ.

1928ರ ಮೇ 5ರಂದು ಲಿವರ್ಪೂಲಿನಲ್ಲಿ ಎವರ್ಟನ್ ತಂಡದೆದುರು ಆತನ ಕೊನೆಯ ಪಂದ್ಯ. ಆದರೆ ಅಂದು ನೆರೆದ ಜನರ ಕಣ್ಣೆಲ್ಲ ಎವರ್ಟನ್ನಿನ ಡಿಕ್ಸಿ ಡೀನ್‌ನ ಮೇಲೆ. ಆತನು ಮೂರು ಗೋಲು ಹೊಡೆದು ಒಂದೇ ಋತುವಿನಲ್ಲಿ 60 ಲೀಗ್ ಗೋಲುಗಳ ದಾಖಲೆ ಸ್ಥಾಪಿಸಿದನು. ಆ ಜಯಘೋಷದ ನಡುವೆ, ಮೂವತ್ತಾರರ ಬಕನ್ ಮೈದಾನದಿಂದ ಹೊರನಡೆದನು.

ಅಂದಿನ ಆಟಗಾರರಲ್ಲಿ ಹೆಚ್ಚಿನವರಿಗೆ ಮುಂದಿನ ದಾರಿಯೆಂದರೆ ಹೆಂಡದಂಗಡಿಯ ಯಜಮಾನಿಕೆ, ಇಲ್ಲವೆ ಬಿಟ್ಟುಬಂದ ಗಣಿ, ಕಾರ್ಖಾನೆ. ಬಕನ್ ಲಂಡನ್ನಿನ ‘ಡೇಲಿ ನ್ಯೂಸ್’ ಪತ್ರಿಕೆಯನ್ನು ಸೇರಿದನು. 1930ರಲ್ಲಿ ಅದು ‘ನ್ಯೂಸ್ ಕ್ರಾನಿಕಲ್’ ಆಯಿತು. ಬಿ.ಬಿ.ಸಿ.ಯಲ್ಲಿಯೂ ಕಾಲ್ಚೆಂಡಿನ ವಿವರಣೆ ನೀಡತೊಡಗಿದನು. ಪಂದ್ಯವನ್ನು ಒಳಗಿನಿಂದ ಕಂಡವನೊಬ್ಬನು ಅದನ್ನು ಬಿಡಿಸಿ ಹೇಳುವುದು ಆಗ ಹೊಸದು. ಮೈದಾನದಲ್ಲಿ ಜೊತೆಗಾರರಿಗೆ ಎಟುಕದೆಂದು ಹೇಳಿಸಿಕೊಂಡ ಬುದ್ಧಿಯು, ಮೈದಾನವನ್ನೇ ಕಾಣದ ಸಾಮಾನ್ಯ ಶ್ರೋತೃವಿಗೆ ಎಟುಕಿತು. 1947ರಲ್ಲಿ ಕಾಲ್ಚೆಂಡು ಬರಹಗಾರರ ಸಂಘವನ್ನು ಹುಟ್ಟುಹಾಕಿದವರಲ್ಲಿ ಆತನೊಬ್ಬ. 1951ರ ಸೆಪ್ಟೆಂಬರಿನಲ್ಲಿ ತನ್ನ ಹೆಸರನ್ನೇ ಹೊತ್ತ ‘ಫುಟ್‌ಬಾಲ್ ಮಂತ್ಲಿ’ ಮಾಸಪತ್ರಿಕೆಯನ್ನು ಹೊರತಂದನು. ಮೊದಲ ಸಂಚಿಕೆಯ ಮುಖಪುಟದಲ್ಲಿ ಸ್ಟ್ಯಾನ್ಲಿ ಮ್ಯಾಥ್ಯೂಸ್‌ನ ಚಿತ್ರವಿತ್ತು. ಬಣ್ಣದ ಚಿತ್ರಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡ ಹುಡುಗರ ಸಂಖ್ಯೆಗೆ ಲೆಕ್ಕವಿಲ್ಲ. ತಿಂಗಳಿಗೆ ಲಕ್ಷಕ್ಕೂ ಮೀರಿ ಪ್ರತಿಗಳು ಮಾರಾಟವಾಗುತ್ತಿದ್ದುವು.

1960ರ ಜೂನ್ 25ರಂದು, ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ವಿಶ್ರಾಂತಿಗೆಂದು ಹೋಗಿದ್ದಾಗ, ಬಕನ್ ತೀರಿಕೊಂಡನು. ಆಗ ಆತನಿಗೆ 68 ವರ್ಷ. ಅದೇ ಅಕ್ಟೋಬರಿನಲ್ಲಿ ‘ನ್ಯೂಸ್ ಕ್ರಾನಿಕಲ್’ ನಿಂತುಹೋಯಿತು. ಮುಂದಿನ ಜನವರಿಯಲ್ಲಿ, ಮುಷ್ಕರದ ಬೆದರಿಕೆಗೆ ಮಣಿದು, ಲೀಗಿನವರು ಆಟಗಾರರ ಸಂಬಳದ ಮಿತಿಯನ್ನು ತೆಗೆದುಹಾಕಿದರು.