ಬಣ್ಣದ ಭೇದ ಕಾಣದ ಮಾಸ್ತರರು: ಜಾನ್ ಡಾಲ್ಟನ್

ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ನಮಗೆಲ್ಲ ರಸಾಯನಶಾಸ್ತ್ರದ ಪುಸ್ತಕದಿಂದ ಪರಿಚಿತರು. ಸಾವಳಗಿಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಲಿಂಗ ಸಹಲಗ್ನ ಅನುವಂಶೀಯತೆಯ ಪಾಠಕ್ಕೆ ನಾನು ಅವರ ಬದುಕನ್ನೇ ಪೀಠಿಕೆಯಾಗಿ ಆರಿಸಿಕೊಂಡೆ.

ಡಾಲ್ಟನ್ 1766ರಲ್ಲಿ ಇಂಗ್ಲೆಂಡಿನ ಈಗಲ್ಸ್‌ಫೀಲ್ಡ್ ಎಂಬ ಹಳ್ಳಿಯ ನೇಕಾರರ ಮನೆಯಲ್ಲಿ ಹುಟ್ಟಿದರು. ರಬಕವಿ-ಬನಹಟ್ಟಿಯ ಮಗ್ಗಗಳನ್ನು ಬಲ್ಲ ಮಕ್ಕಳಿಗೆ ಅಂಥ ಮನೆ ಹೊಸದೆನಿಸಲಿಲ್ಲ. 12ನೆಯ ವಯಸ್ಸಿಗೇ ಊರ ಮಕ್ಕಳಿಗೆ ಪಾಠ ಹೇಳತೊಡಗಿದ ಅವರು 1793ರಲ್ಲಿ ಮ್ಯಾಂಚೆಸ್ಟರಿಗೆ ಅಧ್ಯಾಪಕರಾಗಿ ಹೋದರು. ಅದರ ಹಿಂದಿನ ವರ್ಷ, ಹಗಲಿನಲ್ಲಿ ನೀಲಿಯಾಗಿ ಕಂಡ ಜೆರೇನಿಯಂ ಹೂವೊಂದು ಮೇಣದ ಬತ್ತಿಯ ಬೆಳಕಿನಲ್ಲಿ ಅವರಿಗೆ ಬೇರೆಯೇ ಬಣ್ಣದ್ದಾಗಿ ಕಂಡಿತು. ಗೆಳೆಯರಿಗೆ ಅಂಥ ಬದಲಾವಣೆ ಕಾಣಲಿಲ್ಲ. ಅಣ್ಣನಿಗೆ ಮಾತ್ರ ಅವರಂತೆಯೇ ಕಂಡಿತು. 1794ರಲ್ಲಿ ಈ ಕುರಿತು ಮ್ಯಾಂಚೆಸ್ಟರಿನ ವಿದ್ವತ್ ಸಂಘದಲ್ಲಿ ಪ್ರಬಂಧ ಓದಿದರು. ಕಣ್ಣೊಳಗಿನ ದ್ರವ ನೀಲಿಯಾಗಿರಬೇಕೆಂದು ಊಹಿಸಿ, ತಾವು ಸತ್ತ ಮೇಲೆ ಪರೀಕ್ಷಿಸಲು ಹೇಳಿಟ್ಟರು. 1844ರಲ್ಲಿ ತೀರಿಕೊಂಡಾಗ ವೈದ್ಯರು ನೋಡಿದರು. ದ್ರವ ತಿಳಿಯಾಗಿಯೇ ಇತ್ತು. ಉಳಿಸಿಟ್ಟ ಕಣ್ಣಿನ ಡಿಎನ್‌ಎ ಪರೀಕ್ಷೆಯ ಫಲಿತಾಂಶ 1995ರಲ್ಲಿ ಹೊರಬಂತು. ಹಸಿರು ಬೆಳಕಿಗೆ ಸ್ಪಂದಿಸುವ ವರ್ಣಕದ ವಂಶವಾಹಿ ಅದರಲ್ಲಿ ಇರಲಿಲ್ಲ.

ಆ ವಂಶವಾಹಿಯ ಸ್ಥಾನ ಎಕ್ಸ್ ವರ್ಣತಂತು. ಗಂಡಿಗೆ ಒಂದೇ ಎಕ್ಸ್. ಅದು ತಾಯಿಯಿಂದ ಬರುತ್ತದೆ. ಅಣ್ಣತಮ್ಮಂದಿರಿಬ್ಬರಿಗೂ ಈ ಗುಣ ತಾಯಿ ಡೆಬೋರಾರಿಂದಲೇ ಬಂದದ್ದು. ದೋಷ ಅಪ್ರಬಲವಾದ್ದರಿಂದ, ಎರಡು ಎಕ್ಸ್ ಇರುವ ಹೆಣ್ಣಿನಲ್ಲಿ ಒಂದು ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತದೆ, ಆಕೆ ವಾಹಕಿಯಾಗುತ್ತಾಳೆ. ವಾಹಕಿಯ ಪ್ರತಿ ಗಂಡುಮಗುವಿಗೂ ದೋಷ ಬರುವ ಸಾಧ್ಯತೆ ಅರ್ಧದಷ್ಟು. ಬಣ್ಣಗುರುಡು ತಂದೆಯಿಂದ ಗಂಡುಮಕ್ಕಳಿಗೆ ಅದು ಬಾರದು. ಹೆಣ್ಣುಮಕ್ಕಳಿಗೆಲ್ಲ ಆ ಎಕ್ಸ್ ಬರುತ್ತದೆ.

ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ನಮ್ಮ ಕಡೆ ಉಂಟು. ಮಾವ ಬಣ್ಣಗುರುಡನಾಗಿದ್ದು, ಅಕ್ಕನ ಮಗಳು ಅದೇ ಅಜ್ಜಿಯ ಎಕ್ಸ್ ಹೊತ್ತ ವಾಹಕಿಯಾಗಿದ್ದರೆ, ಅವರ ಹೆಣ್ಣುಮಕ್ಕಳಲ್ಲೂ ದೋಷ ಕಾಣಿಸಬಹುದು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾದ ದಾರಿಯೂ ಇದೇ. ಅಲ್ಲಿ ಜೀವಕ್ಕೇ ಅಪಾಯವಿದೆ. ಹಾಗೆಂದು ತಾಯಿಯನ್ನು ದೂರುವುದು ಅನ್ಯಾಯ; ಯಾವ ಎಕ್ಸ್ ಕೊಡಬೇಕೆಂಬುದು ಯಾರ ಕೈಯಲ್ಲೂ ಇಲ್ಲ. ಕಪ್ಪುಹಲಗೆಯ ಮೇಲಿನ ಚಿತ್ರದಷ್ಟೇ ಈ ಮಾತಿಗೂ ನಾನು ಸಮಯ ಕೊಟ್ಟೆ.

ಡಾಲ್ಟನ್‌ಗೆ ತಮ್ಮ ದೃಷ್ಟಿ ಬೇರೆ ಎಂದು ಖಚಿತವಾಗುವಷ್ಟರಲ್ಲಿ 26 ವರ್ಷ ತುಂಬಿತ್ತು. ನಮ್ಮ ಮಕ್ಕಳು ಅಷ್ಟು ಕಾಯಬೇಕಿಲ್ಲ. ಕೆಂಪು, ಹಸಿರು ಅದಲುಬದಲು ಹೇಳುವ ಹುಡುಗನನ್ನು ದಡ್ಡನೆನ್ನುವ ಮುನ್ನ ಕಣ್ಣಿನ ಪರೀಕ್ಷೆ ಮಾಡಿಸೋಣ. ನಕಾಶೆಯಲ್ಲಿ ಬಣ್ಣದ ಜೊತೆಗೆ ಹೆಸರನ್ನೂ ಬರೆಯೋಣ.