ಹಾಸಿಗೆಯಲ್ಲೇ ಶುರುವಾದ ವ್ಯಾಯಾಮ: ಜೋಸೆಫ್ ಪಿಲಾಟೀಸ್ ಬದುಕು

ಸೊಂಟನೋವಿನ ಮಾತ್ರೆ ಕೊಳ್ಳಲು ಬರುವವರು ಔಷಧಿ ಅಂಗಡಿಯ ಕೌಂಟರಿನಲ್ಲಿ ನನ್ನನ್ನು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ. ಕೋರ್ ಗಟ್ಟಿ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ, ಹಾಗೆಂದರೇನು? ನಾನು ‘ನಡು’ ಎನ್ನುತ್ತೇನೆ. ಕೆಲಸಕ್ಕೆ ಸಿದ್ಧವಾಗುವುದನ್ನೇ ನಾವು ನಡು ಕಟ್ಟುವುದು, ಟೊಂಕ ಕಟ್ಟುವುದು ಎನ್ನುತ್ತೇವಲ್ಲ, ಆ ನಡು. ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಪಿಲಾಟೀಸ್ ಬಗ್ಗೆ. ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ಈ ಹೆಸರಿನ ಫಲಕಗಳು ಈಗ ಸಾಮಾನ್ಯ. ಅದು ಒಬ್ಬ ಮನುಷ್ಯನ ಹೆಸರು ಎಂದರೆ ಹಲವರಿಗೆ ಆಶ್ಚರ್ಯ. ಆ ಮನುಷ್ಯ ಹುಟ್ಟಾ ಬಲಶಾಲಿಯಲ್ಲ, ರೋಗಿಷ್ಟ ಹುಡುಗನಾಗಿದ್ದ ಎಂದರೆ ಇನ್ನೂ ಆಶ್ಚರ್ಯ.

ರೋಗಿಷ್ಟ ಹುಡುಗ

ಜೋಸೆಫ್ ಪಿಲಾಟೀಸ್ ಹುಟ್ಟಿದ್ದು 1883ರ ಡಿಸೆಂಬರ್ 9ರಂದು, ಜರ್ಮನಿಯ ಮುನ್ಶೆನ್‌ಗ್ಲಾಡ್‌ಬಾಖ್ ಊರಿನಲ್ಲಿ. ಅವರೇ ಹೇಳಿಕೊಂಡಂತೆ, ಬಾಲ್ಯದಲ್ಲಿ ಆಸ್ತಮಾ, ರಿಕೆಟ್ಸ್, ರುಮ್ಯಾಟಿಕ್ ಜ್ವರ ಮೂರೂ ಅವರನ್ನು ಕಾಡಿದವು. ಆಸ್ತಮಾ ಉಸಿರನ್ನು ಬಿಗಿಯುತ್ತದೆ. ರಿಕೆಟ್ಸ್ ಮಕ್ಕಳ ಮೂಳೆಯನ್ನು ಮೆದುಗೊಳಿಸಿ ಬಾಗಿಸುತ್ತದೆ. ರುಮ್ಯಾಟಿಕ್ ಜ್ವರ ಕೀಲುಗಳನ್ನೂ ಕೆಲವೊಮ್ಮೆ ಹೃದಯದ ಕವಾಟಗಳನ್ನೂ ಹಿಡಿಯುತ್ತದೆ. ಆಗ ಇನ್‌ಹೇಲರ್ ಇರಲಿಲ್ಲ, ಪೆನಿಸಿಲಿನ್ ಇರಲಿಲ್ಲ, ವಿಟಮಿನ್ ಡಿ ಎಂಬ ಹೆಸರೇ ಇನ್ನೂ ಹುಟ್ಟಿರಲಿಲ್ಲ.

ಲೋಹದ ಕೆಲಸ ಮಾಡುತ್ತಿದ್ದ ತಂದೆ ಜಿಮ್ನಾಸ್ಟಿಕ್ಸ್ ಬಲ್ಲವರು. ಹುಡುಗ ಅದರ ಜೊತೆಗೆ ಬಾಕ್ಸಿಂಗನ್ನೂ ಕಲಿತ, ಅಂಗರಚನೆಯ ಪುಸ್ತಕ ನೋಡಿ ಒಂದೊಂದು ಸ್ನಾಯು ಎಲ್ಲಿದೆ, ಏನು ಮಾಡುತ್ತದೆ ಎಂದು ತಿಳಿದುಕೊಂಡ. ತಾರುಣ್ಯಕ್ಕೆ ಬರುವಷ್ಟರಲ್ಲಿ ಮೈ ಕಟ್ಟುಮಸ್ತಾಗಿತ್ತು. ಇದನ್ನು ಓದಿ ವ್ಯಾಯಾಮವೇ ಅವರ ರೋಗಗಳನ್ನೆಲ್ಲ ವಾಸಿ ಮಾಡಿತು ಎಂದು ತೀರ್ಮಾನಿಸಬೇಡಿ. ಬಾಲ್ಯದ ಆಸ್ತಮಾ ಬೆಳೆಯುತ್ತ ಕಡಿಮೆಯಾಗುವುದೂ ಉಂಟು. ದುರ್ಬಲವಾಗಿದ್ದ ಮೈಯನ್ನು ದಿನದಿನದ ಅಭ್ಯಾಸದಿಂದ ಗಟ್ಟಿ ಮಾಡಬಹುದು ಎಂಬ ನಂಬಿಕೆ ಮಾತ್ರ ಅವರಲ್ಲಿ ಅಲ್ಲೇ ಬೇರೂರಿತು.

ಶಿಬಿರದ ವರ್ಷಗಳು

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅವರು ಇಂಗ್ಲೆಂಡಿನಲ್ಲಿದ್ದರು. ಜರ್ಮನ್ ಪ್ರಜೆ ಎಂಬ ಕಾರಣಕ್ಕೆ ಬ್ರಿಟಿಷ್ ಸರಕಾರ ಅವರನ್ನು ಬಂಧಿಸಿ ಮೊದಲು ಲ್ಯಾಂಕಾಸ್ಟರ್‌ನಲ್ಲಿ, ಆಮೇಲೆ ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ಇಟ್ಟಿತು. ಮುಳ್ಳುತಂತಿಯ ಬೇಲಿಯೊಳಗೆ 20 ಸಾವಿರಕ್ಕೂ ಹೆಚ್ಚು ಜನರಿದ್ದ ಜಾಗ ಅದು. ಹೊತ್ತು ಹೋಗದೆ, ಮೈ ಜಡ್ಡುಗಟ್ಟಿ, ಮನಸ್ಸು ಕುಗ್ಗಿದವರ ನಡುವೆ ಪಿಲಾಟೀಸ್ ವ್ಯಾಯಾಮ ಹೇಳಿಕೊಡತೊಡಗಿದರು. ಸಲಕರಣೆ ಇಲ್ಲ, ನೆಲವೇ ಗತಿ. ಇಂದು ಚಾಪೆಯ ಮೇಲೆ ಮಾಡುವ ಪಿಲಾಟೀಸ್ ರೂಪುಗೊಂಡದ್ದು ಹೀಗೆ.

ಏಳಲಾಗದ ರೋಗಿಗಳ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ, ಮಲಗಿದ್ದಲ್ಲೇ ಕೈಕಾಲು ಎಳೆದು ಬಿಡುವ ವ್ಯಾಯಾಮವನ್ನೂ ಅವರು ಅಲ್ಲಿ ರೂಪಿಸಿದರು ಎಂದು ಶಿಷ್ಯರು ಹೇಳುತ್ತ ಬಂದಿದ್ದಾರೆ. ಮುಂದೆ ಅವರು ಮಾಡಿದ ಯಂತ್ರಗಳನ್ನು ನೋಡಿದರೆ ಆ ಮಂಚದ ನೆರಳು ಎದ್ದು ಕಾಣುತ್ತದೆ. ಜಾರುವ ಹಲಗೆಗೆ ಸ್ಪ್ರಿಂಗ್ ಕಟ್ಟಿದ ‘ರಿಫಾರ್ಮರ್’, ಚೌಕಟ್ಟಿನ ಮಂಚದಂತಿರುವ ‘ಕ್ಯಾಡಿಲಾಕ್’ ಎರಡರಲ್ಲೂ ರೋಗಿ ಮಲಗಿಯೇ ಕೆಲಸ ಶುರು ಮಾಡಬಹುದು. ಔಷಧದ ಡೋಸ್ ಹೊಂದಿಸುವಂತೆ ಸ್ಪ್ರಿಂಗಿನ ಬಿಗಿಯನ್ನು ಆಯಾ ಮೈಗೆ ತಕ್ಕಂತೆ ಹೊಂದಿಸಬಹುದು.

ಪಿಲಾಟೀಸ್ ಶಿಷ್ಯರಾದ ಬಂಧಿಗಳಲ್ಲಿ ಒಬ್ಬರೂ 1918ರ ಫ್ಲೂಗೆ ಬಲಿಯಾಗಲಿಲ್ಲ ಎಂಬ ಕಥೆಯೂ ಓಡಾಡುತ್ತಿದೆ. ಇದನ್ನು ವಾಟ್ಸಾಪಿನಲ್ಲಿ ಮುಂದಕ್ಕೆ ಕಳಿಸಬೇಡಿ. ಯಾವ ವ್ಯಾಯಾಮವೂ ಫ್ಲೂ ಲಸಿಕೆಯ ಜಾಗ ತುಂಬುವುದಿಲ್ಲ.

ನ್ಯೂಯಾರ್ಕಿನ ಎಂಟನೇ ಅವೆನ್ಯೂ

ಯುದ್ಧ ಮುಗಿದ ಮೇಲೆ ಜರ್ಮನಿಗೆ ಮರಳಿದ ಅವರು 1926ರಲ್ಲಿ ಅಮೆರಿಕಕ್ಕೆ ಹೊರಟರು. ಹಡಗಿನಲ್ಲಿ ಕ್ಲಾರಾ ಜೊತೆಯಾದರು. ಇಬ್ಬರೂ ಸೇರಿ ನ್ಯೂಯಾರ್ಕಿನ ಎಂಟನೇ ಅವೆನ್ಯೂದಲ್ಲಿ ವ್ಯಾಯಾಮಶಾಲೆ ನಡೆಸಿದರು. ಜೋಸೆಫ್ ಗದರುವ ಗುರು, ಕ್ಲಾರಾ ತಾಳ್ಮೆಯವರು. ನೋವಿದ್ದವರು, ನಿಧಾನ ಬೇಕಾದವರು ಕ್ಲಾರಾ ಕೈಗೆ ಬರುತ್ತಿದ್ದರು.

ನರ್ತಕರು ಬೇಗ ಬಂದರು. ಬ್ಯಾಲೆಯ ಜಾರ್ಜ್ ಬಾಲಂಚೀನ್, ಆಧುನಿಕ ನೃತ್ಯದ ಮಾರ್ಥಾ ಗ್ರಹಾಂ ತಮ್ಮವರನ್ನು ಇಲ್ಲಿಗೆ ಕಳಿಸುತ್ತಿದ್ದರು. ಈವ್ ಜೆಂಟ್ರಿ ಎಂಬ ನರ್ತಕಿಯ ಪ್ರಸಂಗ ಕ್ಯಾನ್ಸರ್ ರೋಗಿಗಳ ಮನೆಯವರು ತಿಳಿಯಬೇಕಾದದ್ದು. 1950ರ ದಶಕದಲ್ಲಿ ಅವರಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಯಿತು. ಆ ಕಾಲದ ಪದ್ಧತಿಯಲ್ಲಿ ಸ್ತನದ ಜೊತೆ ಎದೆಯ ಸ್ನಾಯುಗಳನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಿದ್ದರು. ತೋಳು ಮೇಲೆತ್ತುವುದೇ ಕಷ್ಟ. ಪಿಲಾಟೀಸ್ ಜೊತೆ ಪಟ್ಟುಹಿಡಿದು ಅಭ್ಯಾಸ ಮಾಡಿ ಅವರು ತೋಳಿನ ಚಲನೆಯನ್ನು ಮರಳಿ ಪಡೆದು ಮತ್ತೆ ನರ್ತಿಸಿದರು. ಶಸ್ತ್ರಚಿಕಿತ್ಸೆಯ ನಂತರ ಮಾರ್ಗದರ್ಶನದಲ್ಲಿ ಹಂತಹಂತವಾಗಿ ತೋಳು ಆಡಿಸಬೇಕೆಂದು ಇಂದು ಆಸ್ಪತ್ರೆಗಳೇ ಹೇಳುತ್ತವೆ.

ತಮ್ಮ ವಿಧಾನಕ್ಕೆ ಪಿಲಾಟೀಸ್ ಕೊಟ್ಟ ಹೆಸರು ‘ಕಾಂಟ್ರಾಲಜಿ’. ಸ್ನಾಯುವನ್ನು ಮನಸ್ಸಿನ ಹಿಡಿತದಲ್ಲಿಟ್ಟು ಆಡಿಸುವ ವಿದ್ಯೆ ಎಂಬ ಅರ್ಥದಲ್ಲಿ. 1945ರಲ್ಲಿ ಬಂದ ಅವರ ಪುಸ್ತಕದಲ್ಲಿ 34 ವ್ಯಾಯಾಮಗಳಿವೆ. ಅದರಲ್ಲಿನ ‘ಟೀಸರ್’ ನಮ್ಮ ನೌಕಾಸನವನ್ನು ಹೋಲುತ್ತದೆ. ಬೆವರು ಸುರಿಸಿ ನೂರಾರು ಸಲ ಮಾಡುವುದಕ್ಕಿಂತ ಕೆಲವೇ ಸಲ ಸರಿಯಾಗಿ, ಉಸಿರಿನ ಲಯಕ್ಕೆ ಮಾಡಬೇಕು ಎಂಬುದು ಅವರ ಹಟ. ವೈದ್ಯಲೋಕ ತನ್ನನ್ನು ಒಪ್ಪಬೇಕೆಂದು ಕೊನೆಯವರೆಗೂ ಬಯಸಿದರು. ಬದುಕಿದ್ದಾಗ ಅದು ಅವರು ಬಯಸಿದ ಮಟ್ಟಿಗೆ ಆಗಲಿಲ್ಲ.

ವಿಜ್ಞಾನ ಹೇಳಿದ್ದೇನು

ಹೊಟ್ಟೆಯೆಂದರೆ ‘ಸಿಕ್ಸ್ ಪ್ಯಾಕ್’ ಮಾತ್ರವಲ್ಲ. ನಡುವನ್ನು ಒಂದು ಡಬ್ಬಿ ಎಂದುಕೊಳ್ಳಿ. ಮುಚ್ಚಳ ವಪೆ, ತಳ ಶ್ರೋಣಿಯ ಸ್ನಾಯುಗಳು, ಹಿಂಬದಿ ಬೆನ್ನುಮೂಳೆಗೆ ಅಂಟಿದ ಚಿಕ್ಕ ಸ್ನಾಯುಗಳು, ಸುತ್ತಲೂ ಹೊಟ್ಟೆಯ ಒಳಪದರದ ಅಡ್ಡಸ್ನಾಯು. 1996ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ ಅಧ್ಯಯನ ಈ ಅಡ್ಡಸ್ನಾಯುವಿನ ಬಗ್ಗೆಯೇ. ಆರೋಗ್ಯವಂತರು ಕೈ ಎತ್ತುವ ಮೊದಲೇ ಅದು ಬಿಗಿಯಾಗುತ್ತದೆ, ಸೊಂಟನೋವು ಇರುವವರಲ್ಲಿ ತಡವಾಗುತ್ತದೆ.

2015ರ ಕಾಕ್ರೇನ್ ಪರಾಮರ್ಶೆ ಸೊಂಟನೋವಿಗೆ ಪಿಲಾಟೀಸ್ ಕುರಿತ 10 ಪ್ರಯೋಗಗಳನ್ನು ತೂಗಿ ನೋಡಿತು. ಹೆಚ್ಚೇನೂ ಚಿಕಿತ್ಸೆ ಇಲ್ಲದೆ ಇರುವುದಕ್ಕಿಂತ ಪಿಲಾಟೀಸ್ ಮೇಲು. ಆದರೆ ಬೇರೆ ವ್ಯಾಯಾಮಗಳಿಗಿಂತ ಮೇಲು ಎನ್ನಲು ಗಟ್ಟಿ ಆಧಾರವಿಲ್ಲ. ಇದು ನಿಮಗೆ ಸಮಾಧಾನದ ಸುದ್ದಿ. ದುಬಾರಿ ಸ್ಟುಡಿಯೋ ಕೈಗೆಟುಕದಿದ್ದರೆ ಕೊರಗಬೇಕಿಲ್ಲ. ನಡಿಗೆ, ಯೋಗ, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ, ಯಾವುದನ್ನು ಬಿಡದೆ ಮಾಡುತ್ತೀರೋ ಅದೇ ನಿಮ್ಮದು. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಬೊಜ್ಜು ಮಾತ್ರ ಕರಗುತ್ತದೆ ಎಂಬ ನಂಬಿಕೆ ಬೇಡ.

ಮನೆಯಲ್ಲಿ ಶುರು ಮಾಡುವವರಿಗೆ

ಮಂಡಿ ಮಡಚಿ ಅಂಗಾತ ಮಲಗಿ. ಉಸಿರು ಬಿಡುತ್ತ ಹೊಕ್ಕುಳಿನ ಕೆಳಭಾಗವನ್ನು ಮೆಲ್ಲಗೆ ಒಳಗೆಳೆದುಕೊಳ್ಳಿ. ಇದು ಬಂದ ಮೇಲೆ ಒಂದೊಂದೇ ಹಿಮ್ಮಡಿಯನ್ನು ಜಾರಿಸಿ ಕಾಲು ಚಾಚಿ, ಮಡಚಿ. ಆಮೇಲೆ ಸೊಂಟ ಮೇಲೆತ್ತುವ ಸೇತುಬಂಧ. ಅದಾದ ಮೇಲೆ ಅಂಬೆಗಾಲಿನ ಭಂಗಿಯಲ್ಲಿ ಎದುರು ಬದುರು ಕೈಕಾಲು ಚಾಚುವುದು. ಪ್ಲಾಂಕ್ ಕೊನೆಗೆ, ಮೊದಲು ಮಂಡಿಯೂರಿ. ದಿನಕ್ಕೆ 10 ನಿಮಿಷದಿಂದ ಆರಂಭಿಸಿದರೆ ಸಾಕು.

ಎಚ್ಚರ ಬೇಕಾದವರೂ ಇದ್ದಾರೆ. ಮೂಳೆ ಟೊಳ್ಳಾಗಿರುವವರು ಬೆನ್ನು ಮುಂದಕ್ಕೆ ಸುರುಳಿ ಸುತ್ತುವ ವ್ಯಾಯಾಮ ಮಾಡಬಾರದು, ಬೆನ್ನುಮೂಳೆ ಮುರಿಯುವ ಅಪಾಯವಿದೆ. ಹರ್ನಿಯಾ ಇರುವವರು, ಗರ್ಭಿಣಿಯರು, ಬಾಣಂತಿಯರು, ಹೊಟ್ಟೆ ಅಥವಾ ಬೆನ್ನಿನ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿ ಶುರು ಮಾಡಿ. ಬಿಪಿ ಇರುವವರು ಉಸಿರು ಕಟ್ಟಬೇಡಿ. ನೋವಿನ ಮಾತ್ರೆ ನುಂಗಿ, ನೋವು ಗೊತ್ತಾಗದ ಹೊತ್ತಿನಲ್ಲಿ ಮೈ ದಂಡಿಸುವುದೂ ಬೇಡ. ಸೊಂಟನೋವಿನ ಜೊತೆ ಕಾಲಿನ ಬಲ ಕುಗ್ಗಿದರೆ, ಗುದದ್ವಾರದ ಸುತ್ತ ಜೋಮು ಹಿಡಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ ವ್ಯಾಯಾಮವೂ ಅಲ್ಲ, ಮಾತ್ರೆಯೂ ಅಲ್ಲ, ಕೂಡಲೇ ಆಸ್ಪತ್ರೆ.

ಕೊನೆಯ ಉಸಿರು

ಉಸಿರಾಟವನ್ನೇ ವ್ಯಾಯಾಮದ ಬುನಾದಿ ಮಾಡಿದ ಪಿಲಾಟೀಸ್ ಸಿಗಾರ್ ಪ್ರಿಯರೂ ಆಗಿದ್ದರು. 1967ರ ಅಕ್ಟೋಬರ್ 9ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರನ್ನು ಕಾಡುತ್ತಿದ್ದುದು ಶ್ವಾಸಕೋಶದ ಕಾಯಿಲೆ ಎಂಫಿಸೀಮಾ. ಎಷ್ಟೇ ಗಟ್ಟಿ ನಡು ಇದ್ದರೂ ಹೊಗೆಯ ಹಾನಿಗೆ ಅದು ರಕ್ಷಣೆಯಲ್ಲ.

ಕ್ಲಾರಾ ಶಾಲೆಯನ್ನು ಮುಂದುವರಿಸಿದರು, ಶಿಷ್ಯರು ಊರೂರಿಗೆ ಒಯ್ದರು. ಆ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ, ಒಂದು ಬಗೆಯ ವ್ಯಾಯಾಮದ ಹೆಸರು ಎಂದು 2000ದಲ್ಲಿ ಅಮೆರಿಕದ ನ್ಯಾಯಾಲಯ ತೀರ್ಪು ಕೊಟ್ಟಿತು. ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ನಾಳೆ ಡಾಕ್ಟರನ್ನು ಒಂದು ಮಾತು ಕೇಳಿ: ಮಲಗಿದ್ದಲ್ಲೇ ಇವರು ಏನೇನು ಆಡಿಸಬಹುದು? ಪಿಲಾಟೀಸ್ ತಮ್ಮ ಶಿಬಿರದಲ್ಲಿ ಕೈಗೆತ್ತಿಕೊಂಡದ್ದೂ ಇದೇ ಪ್ರಶ್ನೆಯನ್ನು.