ನಿಕೊಲಾ ಲೂಯಿ ದ ಲಕಾಯ್

ನಿಕೊಲಾ ಲೂಯಿ ದ ಲಕಾಯ್ (1713–1762): ಫ್ರಾನ್ಸಿನ ಖಗೋಳವಿಜ್ಞಾನಿ. ದಕ್ಷಿಣ ಗೋಳಾರ್ಧದ ಆಕಾಶದ ಸುಮಾರು 10,000 ನಕ್ಷತ್ರಗಳ ಸ್ಥಾನಗಳನ್ನು ಗುರುತಿಸಿದವನು. 47 ಟುಕಾನೆ ಎಂಬ ಗೋಳೀಯ ನಕ್ಷತ್ರಗುಚ್ಛವನ್ನು ಶೋಧಿಸಿದ ಕೀರ್ತಿ ಈತನದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಲಕಾಯ್ ಹುಟ್ಟಿದ್ದು ಫ್ರಾನ್ಸಿನ ಆರ್ಡೆನ್ ಪ್ರದೇಶದ ರುಮಿನ್ಯಿ ಎಂಬ ಊರಿನಲ್ಲಿ. ಪ್ಯಾರಿಸ್ಸಿನಲ್ಲಿ ಓದುತ್ತಿದ್ದಾಗ ತಂದೆ ತೀರಿಕೊಂಡು ನಿರ್ಗತಿಕನಾದ. ಬೂರ್ಬೋನ್ ಡ್ಯೂಕನ ನೆರವಿನಿಂದ ಓದು ಮುಂದುವರಿಯಿತು. ಧರ್ಮಶಾಸ್ತ್ರ ಅಭ್ಯಸಿಸಿದರೂ ಈತನ ಒಲವು ಗಣಿತ ಮತ್ತು ಖಗೋಳದ ಕಡೆಗಿತ್ತು. ಜಾಕ್ ಕಸ್ಸಿನಿಯ ಪ್ರೋತ್ಸಾಹದಿಂದ ಭೂಮಾಪನ ಕಾರ್ಯಕ್ಕೆ ಸೇರಿದ ಈತ 1739ರಲ್ಲಿ ಮಜಾರಿನ್ ಕಾಲೇಜಿನ ಗಣಿತ ಪ್ರಾಧ್ಯಾಪಕನಾದ.

ದಕ್ಷಿಣದ ಆಕಾಶ

ದಕ್ಷಿಣ ಧ್ರುವದ ಸುತ್ತಲಿನ ನಕ್ಷತ್ರಗಳು ಪ್ಯಾರಿಸ್ಸಿನಲ್ಲಿ ಎಂದೂ ಉದಯಿಸುವುದಿಲ್ಲ. ಎಡ್ಮಂಡ್ ಹ್ಯಾಲಿ 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ 341 ನಕ್ಷತ್ರಗಳನ್ನಷ್ಟೇ ಅಳೆದಿದ್ದ. ಈ ಕೊರತೆಯನ್ನು ನೀಗಲು ಲಕಾಯ್ 1751ರಲ್ಲಿ ಆಫ್ರಿಕದ ತುದಿಯಲ್ಲಿರುವ ಕೇಪ್‌ಟೌನಿಗೆ ಬಂದ. ನಕ್ಷತ್ರಗಳ ಎಣಿಕೆಗೆ ಈತ ಬಳಸಿದ ದೂರದರ್ಶಕದ ಗಾಜಿನ ಅಗಲ ಸುಮಾರು ಅರ್ಧ ಅಂಗುಲ. ಅದು ವಸ್ತುಗಳನ್ನು ಎಂಟು ಪಟ್ಟು ಮಾತ್ರ ಹಿಗ್ಗಿಸಿ ತೋರಿಸುತ್ತಿತ್ತು. ಆದರೂ 1751ರ ಆಗಸ್ಟಿನಿಂದ 1752ರ ಜುಲೈವರೆಗೆ, ಒಂದು ವರ್ಷವೂ ತುಂಬುವ ಮೊದಲೇ, ಎಣಿಕೆ ಮುಗಿಯಿತು.

ಮಸುಕಾದ ವಸ್ತುಗಳನ್ನು ಈತ ಪ್ರತ್ಯೇಕವಾಗಿ ಬರೆದಿಟ್ಟುಕೊಂಡ. 1755ರಲ್ಲಿ ಪ್ರಕಟವಾದ 42 ವಸ್ತುಗಳ ಈ ಪಟ್ಟಿಯಲ್ಲಿ ಮೊದಲನೆಯದೇ 47 ಟುಕಾನೆ. ನಕ್ಷತ್ರಗಳಿಲ್ಲದ ನೀಹಾರಿಕೆಗಳ ವರ್ಗದಲ್ಲಿ ಲಕಾಯ್ ಅದನ್ನು ಇರಿಸಿದ. ವಾಸ್ತವವಾಗಿ ಅದು ಸುಮಾರು 15,000 ಜ್ಯೋತಿರ್ವರ್ಷ ದೂರದಲ್ಲಿರುವ ಲಕ್ಷಾಂತರ ನಕ್ಷತ್ರಗಳ ಗುಂಪು. ಅವುಗಳನ್ನು ಬಿಡಿಬಿಡಿಯಾಗಿ ತೋರಿಸುವ ಶಕ್ತಿ ಆ ಪುಟ್ಟ ಉಪಕರಣಕ್ಕೆ ಇರಲಿಲ್ಲ. ಧನು ರಾಶಿಯಲ್ಲಿರುವ ಎಂ 55 ಗುಚ್ಛವೂ ಈತನ ಶೋಧವೇ. ದಕ್ಷಿಣ ಕರ್ನಾಟಕದಿಂದ 47 ಟುಕಾನೆ ದಿಗಂತಕ್ಕೆ ತೀರ ಸಮೀಪದಲ್ಲಷ್ಟೇ ಬರುತ್ತದೆ.

ಭೂಮಾಪನ

ಕೇಪ್‌ನಲ್ಲಿ ಲಕಾಯ್ ಯಾಮ್ಯೋತ್ತರ ರೇಖೆಯ ಒಂದು ಭಾಗವನ್ನೂ ಅಳೆದ. ದಕ್ಷಿಣಾರ್ಧದಲ್ಲಿ ಭೂಮಿಯ ಆಕಾರ ಉತ್ತರಾರ್ಧಕ್ಕಿಂತ ಭಿನ್ನವೆಂಬ ವಿಚಿತ್ರ ಫಲಿತಾಂಶ ಬಂದಿತು. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿದ್ದ ಜಾರ್ಜ್ ಎವರೆಸ್ಟ್ 1820ರಲ್ಲಿ ಆರೋಗ್ಯ ಸುಧಾರಣೆಗೆಂದು ಕೇಪ್‌ಗೆ ಹೋದಾಗ ಆ ಸ್ಥಳಗಳನ್ನು ಪರಿಶೀಲಿಸಿ, ಬೆಟ್ಟಗಳ ಗುರುತ್ವಾಕರ್ಷಣೆ ತೂಗುಗುಂಡನ್ನು ಪಕ್ಕಕ್ಕೆ ಎಳೆದಿರಬೇಕೆಂದು ಶಂಕಿಸಿದ. ಮುಂದೆ ಥಾಮಸ್ ಮೆಕ್ಲಿಯರ್ ನಡೆಸಿದ ಮರುಮಾಪನ ಇದನ್ನು ಸಮರ್ಥಿಸಿತು. ಅಳತೆಯಲ್ಲಿ ಲಕಾಯ್ ಅಜಾಗರೂಕನಾಗಿರಲಿಲ್ಲ.

ಕೊನೆಯ ವರ್ಷಗಳು

1754ರಲ್ಲಿ ಪ್ಯಾರಿಸ್ಸಿಗೆ ಮರಳಿದ ಲಕಾಯ್, ಕಾಲೇಜಿನ ವೀಕ್ಷಣಾಲಯದಲ್ಲಿ ಬಿಡುವಿಲ್ಲದೆ ದುಡಿದ. 398 ಪ್ರಕಾಶಮಾನ ನಕ್ಷತ್ರಗಳ ನಿಖರ ಸ್ಥಾನಗಳುಳ್ಳ ಗ್ರಂಥ 1757ರಲ್ಲಿ ಹೊರಬಂದಿತು. 1762ರ ಮಾರ್ಚ್ 21ರಂದು, ಐವತ್ತು ತುಂಬುವ ಮೊದಲೇ, ಈತ ನಿಧನನಾದ. ದಕ್ಷಿಣದ ನಕ್ಷತ್ರಗಳ ಪಟ್ಟಿಯನ್ನೊಳಗೊಂಡ ಈತನ ಮುಖ್ಯ ಗ್ರಂಥ ಮರುವರ್ಷ ಪ್ರಕಟವಾಯಿತು. ಅದನ್ನು ಅಚ್ಚಿನಲ್ಲಿ ನೋಡುವ ಭಾಗ್ಯ ಈತನಿಗೆ ದೊರೆಯಲಿಲ್ಲ.

ನಕ್ಷತ್ರಪುಂಜಗಳು

ಲಕಾಯ್ ರೂಪಿಸಿದ 14 ಹೊಸ ನಕ್ಷತ್ರಪುಂಜಗಳೂ ಇಂದು ಮಾನ್ಯವಾಗಿರುವ 88ರಲ್ಲಿ ಸೇರಿವೆ. ಅವುಗಳಿಗೆ ಈತ ರಾಜರ ಅಥವಾ ಆಶ್ರಯದಾತರ ಹೆಸರನ್ನಿಡಲಿಲ್ಲ. ದೂರದರ್ಶಕ, ಸೂಕ್ಷ್ಮದರ್ಶಕ, ಗಡಿಯಾರ, ಕೈವಾರ ಮುಂತಾದ ಉಪಕರಣಗಳ ಹೆಸರುಗಳನ್ನು ಆರಿಸಿಕೊಂಡ. ಒಂದು ಪುಂಜಕ್ಕೆ ಮಾತ್ರ ಕೇಪ್‌ಟೌನಿನ ಟೇಬಲ್ ಪರ್ವತದ ಹೆಸರಿದೆ. ಚಂದ್ರನ ಮೇಲಿನ ಒಂದು ಕುಳಿಗೆ ಈತನ ಹೆಸರನ್ನಿಡಲಾಗಿದೆ.